ಪಡುವಣ ಪರದೆ

ನಾನು ಭೌತಶಾಸ್ತ್ರ ಕಲಿಸುವವಳು. ತೀರಾ ಹತ್ತಿರ ಸುತ್ತುವ ಗ್ರಹದ ಗಾಳಿಯನ್ನೂ ನಕ್ಷತ್ರ ಬಿಡದೆ ಸುಲಿಯುತ್ತದೆ, ತೀರಾ ದೂರವಿದ್ದರೆ ನೀರು ಹೆಪ್ಪುಗಟ್ಟುತ್ತದೆ ಎಂದು ವಿಜಯಪುರದ ಕಾಲೇಜಿನಲ್ಲಿ ವರ್ಷವೂ ಹೇಳುತ್ತೇನೆ. ಹೇಳುವಾಗ ಅಪ್ಪ ನೆನಪಾಗುತ್ತಾರೆ. ನಾನು ವಿಜಯಪುರದಲ್ಲೇ ಅಥಣಿ ರಸ್ತೆಯಲ್ಲಿ ಮನೆ ಮಾಡಿ ಹದವಾದ ದೂರದಲ್ಲಿ ಉಳಿದೆ. ತಿಕೋಟಾದ ತೋಟದಲ್ಲಿ ಅವರ ಜೊತೆಗೇ ಇದ್ದ ಅಕ್ಕ ದಿನಾ ಬೆಂದಳು.

ಈ ಬೇಸಿಗೆ ಅಪ್ಪ ಮೊದಲ ಸಲ ಒಣದ್ರಾಕ್ಷಿಯ ಶೆಡ್ಡನ್ನು ಅವಳಿಗೆ ವಹಿಸಿದ್ದರು. ಮಾಲು ಕೆಂಪಾದರೆ ಶೆಡ್ಡು ಜೈನಾಪುರದ ದೊಡ್ಡಪ್ಪನ ಮಗನಿಗೆ ಎಂದೂ ಹೇಳಿಬಿಟ್ಟಿದ್ದರು. ದ್ರಾಕ್ಷಿ ಹಸಿರಾಗಿ ಒಣಗಲು ಬಿಸಿಲಿನ ಕಾವು ಬೇಕು, ಬಿಸಿಲು ಮಾತ್ರ ನೇರ ಮೈಗೆ ತಾಗಬಾರದು, ತಾಗಿದರೆ ಕೆಂಪಾಗಿ ಬೆಲೆ ಬೀಳುತ್ತದೆ. ಅದಕ್ಕೇ ಒಳಗೆ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ದ್ರಾಕ್ಷಿ ಹರವಿ, ಶೆಡ್ಡಿನ ಸುತ್ತ ಪರದೆ ಬಿಟ್ಟಿರುತ್ತೇವೆ.

ಹೊಸ ಮಾಲನ್ನು ಸೂರ್ಯದೇವರಿಗೆ ತೋರಿಸುವುದು ನಮ್ಮ ಮನೆಯ ರೂಢಿ. ಒಂದು ಬೊಗಸೆ ಹೊರಗೆ ಒಯ್ದರೆ ಸಾಕು. ನಾನು ಹೋಗಿದ್ದ ದಿನ ಇಳಿಹೊತ್ತಿನಲ್ಲಿ ಅಪ್ಪ ಪಡುವಣ ಪರದೆಯನ್ನೇ ಪೂರ್ತಿ ಮೇಲೆತ್ತಿ ಕೈಮುಗಿದರು. ಇಳಿಸಲು ಹೋದರೆ ಹಗ್ಗ ರಾಟೆಯಲ್ಲಿ ಸಿಕ್ಕಿಕೊಂಡಿತು.

ಬಿಸಿಲು ಕೆಳಗಿನ ಬಲೆಯ ಅಂಚಿಗೆ ಬಿತ್ತು. ಸೂರ್ಯ ಇಳಿದಷ್ಟೂ ಅದು ಒಳಗೆ ಸರಿಯುತ್ತದೆಂದು ನನಗೆ ಗೊತ್ತಿತ್ತು.

“ಯಪ್ಪಾ, ಜಗ್ಗಬ್ಯಾಡ್ರಿ, ಹರಿತೈತಿ,” ಎಂದಳು ಅಕ್ಕ.

“ನನಗ ಕಲಿಸಾಕ ಬರ್ತಿಯೇನ ಬೇ?” ಎನ್ನುತ್ತ ಅಪ್ಪ ಇನ್ನೂ ಬಲವಾಗಿ ಎಳೆದರು. ಹಗ್ಗ ಹರಿದು ಕೈಗೆ ಬಂತು, ಪರದೆ ಮೇಲೆಯೇ ಉಳಿಯಿತು.

ಅಕ್ಕ ಮನೆಗೆ ಓಡಿ ಹೊದೆಯುವ ಕೌದಿಗಳನ್ನು ಹೊತ್ತು ತಂದಳು. ಇಬ್ಬರೂ ಕಂಬದಿಂದ ಕಂಬಕ್ಕೆ ಕಟ್ಟತೊಡಗಿದೆವು. ನನ್ನ ಕೈಯಲ್ಲಿ ಗಂಟು ಬೀಳಲೊಲ್ಲದು. ಈ ಬೆಳಕು ಸೂರ್ಯನನ್ನು ಬಿಟ್ಟು ಆಗಲೇ ಎಂಟು ನಿಮಿಷವಾಗಿದೆ ಎಂದು ತಲೆ ಸುಮ್ಮನೆ ಪಾಠ ಹೇಳುತ್ತಿತ್ತು. ಆ ಪಾಠ ಕಟ್ಟಿಕೊಂಡು ಏನು ಮಾಡಲಿ ಎಂದು ನನ್ನ ಮೇಲೇ ಸಿಟ್ಟು ಬಂತು.

ಕೊನೆಯ ಕಂಬದ ಹತ್ತಿರ ಕೌದಿ ಸಾಲಲಿಲ್ಲ. ಬಿಸಿಲು ಆ ಸಂದಿಯಿಂದ ಮೇಲಿನ ಬಲೆಗಳವರೆಗೂ ನುಗ್ಗುತ್ತಿತ್ತು. ಅಕ್ಕನ ಮುಖ ನೋಡಲಾಗಲಿಲ್ಲ ನನಗೆ. ಆಗ ಅಪ್ಪ ತಲೆಯ ರುಮಾಲು ಬಿಚ್ಚಿ, ಸಂದಿಗೆ ಅಡ್ಡ ನಿಂತು, ಎರಡೂ ಕೈಯಲ್ಲಿ ಅಗಲಿಸಿ ಹಿಡಿದರು.

“ಇನ್ನಷ್ಟು ಮ್ಯಾಲೆ ಹಿಡೀಲೇನು?” ಎಂದು ಅಕ್ಕನನ್ನು ಕೇಳಿದರು. ಅವರು ಅವಳನ್ನು ಒಂದು ಮಾತು ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೊತ್ತು ಮುಳುಗುವ ತನಕ ಅಪ್ಪ ಅಲ್ಲಿಂದ ಕದಲಲಿಲ್ಲ.

ಕೆಳಗಿನ ಬಲೆಯ ಅಂಚು ಕೆಂಪಾಯಿತು. ಮುಂದಿನ ವಾರ ದೊಡ್ಡಪ್ಪನ ಮಗ ಬಂದು ಆ ಕೆಂಪು ದ್ರಾಕ್ಷಿಯನ್ನೇ ಎತ್ತಿ ತೋರಿಸಿದ. ಅಪ್ಪ ಶೆಡ್ಡಿನ ಒಳಗೆ ಬರಲಿಲ್ಲ, ಹೊರಗಿನಿಂದಲೇ ಹೇಳಿದರು.

“ಅದು ನಾ ಕೆಡಿಸಿದ್ದು. ಉಳದದ್ದು ಆಕಿ ಉಳಿಸ್ಯಾಳ. ಏನ್ ಕೇಳೂದಿದ್ರೂ ಆಕಿನ್ನ ಕೇಳು.”