ಹಿತ್ತಲ ಬಾಗಿಲಲ್ಲಿ ಕಾಯುವ ಶೋಭಿತಾ

ಬೆಳಕಿನ್ನೂ ಪೂರ್ತಿ ಹರಿದಿಲ್ಲ. ಹೊಳೆನರಸೀಪುರ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಯೊಂದರ ಶಾಲೆಯ ತಾರಸಿ. ನೀರಿನ ಟ್ಯಾಂಕಿಗೆ ಬಿಗಿದ ಬಿದಿರಿನ ಗಳುವಿನ ತುದಿಯಲ್ಲಿ ಆಂಟೆನಾದ ತಾಮ್ರದ ಕಡ್ಡಿಯೊಂದು ಗಾಳಿಗೆ ಬಳುಕುತ್ತಿದೆ. ಅದರ ಬುಡದಲ್ಲಿ ಗೋಣಿಕೊಪ್ಪೆ ಹಾಕಿಕೊಂಡು ಕೂತ ಶೋಭಿತಾ ಹವ್ಯಾಸಿಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಅಂಗೈಯಗಲದ ಹ್ಯಾಮ್ ರೇಡಿಯೋವನ್ನು ಕಿವಿಗೊತ್ತಿಕೊಂಡಿದ್ದಾಳೆ.

ಹೋದ ಮುಂಗಾರಿನಲ್ಲಿ ಹೇಮಾವತಿ ದಂಡೆ ಮೀರಿದ ಬೆಳಗು ಇದು. ಮೊಬೈಲ್ ಟವರ್‌ಗಳು ನಿನ್ನೆಯೇ ಕಣ್ಣು ಮುಚ್ಚಿವೆ. ಹೊಳೆಯಂಚಿನ ಕೇರಿಯ ಜನ ಸಮುದಾಯ ಭವನದ ಮೇಲೆ ಹತ್ತಿ ನಿಂತಿದ್ದಾರೆ. ಅವರನ್ನು ಕರೆತರಲು ಇರುವ ಒಂದೇ ಒಂದು ದೋಣಿ ಈಗಷ್ಟೇ ಹೊರಟಿದೆ. ಅದರಲ್ಲಿ ಇನ್ನೊಂದು ರೇಡಿಯೋ ಹಿಡಿದು ಕೂತವನು ಮನು, ಊರಿನ ದೊಡ್ಡ ಜಮೀನುದಾರ ಕೆಂಪಣ್ಣನ ಮಗ.

ಅಷ್ಟರಲ್ಲಿ ಲೈನ್‌ಮನ್ ರುದ್ರಯ್ಯ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬರುತ್ತಾನೆ.

"ಶೋಭವ್ವಾ, ಕೇರಿ ಮೂಡ್ಲಾಗೆ ಕಂಬ ವಾಲ್ಕಂಡು ತಂತಿ ನೀರಿಗೆ ಬಿದ್ಬುಟ್ಟೈತೆ. ಕರೆಂಟಿನ್ನೂ ಓಡ್ತಾ ಐತೆ. ಆಫ್ ಮಾಡ್ಸಣ ಅಂದ್ರೆ ಫೋನೇ ಇಲ್ಲ. ನಾನೇ ಬೈಕಲ್ಲಿ ಕರೆಂಟ್ ಸ್ಟೇಷನ್ನಿಗೆ ಓಗ್ತೀನಿ, ನೀನು ದೋಣಿ ತಡಿ!"

ದೋಣಿ ಹೋಗುತ್ತಿರುವುದು ಮೂಡಲ ಕಡೆಯಿಂದಲೇ. ಶೋಭಿತಾ ಗುಂಡಿ ಒತ್ತುತ್ತಾಳೆ. "ಮನು, ಮೂಡ್ಲಿಗೆ ಓಗ್ಬ್ಯಾಡ. ಕೇಳಿಸ್ತಾ?" ಬೆರಳು ತೆಗೆದರೆ ಉತ್ತರವಾಗಿ ಬರುವುದು ಬೇರೆಯದೇ ದನಿ:

"ಲೇ, ಉಪ್ಪಿಟ್ಟಿಗೆ ಉಪ್ಪೇ ಆಕಿಲ್ವಲ್ಲಾ! ನೆರೆಗೆ ಸಿಕ್ಕಿ ಬದುಕ್ದೋರ್ನ ಇದ್ರಲ್ಲಿ ಸಾಯಿಸ್ಬೇಕು ಅಂತಿದ್ಯಾ?"

ಅದು ರವೀಂದ್ರ. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯವನು, ಇವರಂತೆಯೇ ಸ್ವಯಂಸೇವಕ, ಆಚೆ ದಡದ ಗಂಜಿ ಕೇಂದ್ರದಲ್ಲಿದ್ದಾನೆ. ರೇಡಿಯೋವನ್ನು ಮಳೆಕೋಟಿನ ಜೇಬಿಗೆ ತುರುಕಿದ್ದಾನೆ, ಗುಂಡಿ ಅಮುಕಿಕೊಂಡುಬಿಟ್ಟಿದೆ. ಗುಂಡಿ ಅಮುಕಿದ ರೇಡಿಯೋ ಮಾತಾಡುತ್ತದೆಯೇ ಹೊರತು ಕೇಳಿಸಿಕೊಳ್ಳುವುದಿಲ್ಲ. ಹತ್ತು ಜನ ಕೂಗಿಕೊಂಡರೂ ಅವನಿಗೆ ತಿಳಿಯದು; ಅವನ ಉಪ್ಪಿಟ್ಟಿನಡಿ ಮಿಕ್ಕೆಲ್ಲರ ದನಿ ಹೂತುಹೋಗುತ್ತದೆ. ಸೇತುವೆ ಮುಚ್ಚಿದೆ, ಓಡಿಹೋಗಿ ಹೇಳುವಂತೆಯೂ ಇಲ್ಲ. ಹ್ಯಾಮ್‌ಗಳ ಲೋಕದಲ್ಲಿ ಇದಕ್ಕಿಂತ ಸಣ್ಣ ತಪ್ಪಿಲ್ಲ, ಇದಕ್ಕಿಂತ ದೊಡ್ಡ ಅನಾಹುತವೂ ಇಲ್ಲ.

ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ಹವ್ಯಾಸಿಗಳೆಲ್ಲ ಭಾನುವಾರ ಬೆಳಿಗ್ಗೆ ಗಾಳಿಯಲ್ಲೇ ಸಭೆ ಸೇರುತ್ತಾರೆ. ಶೋಭಿತಾ ಪ್ರತಿ ಸಲವೂ ಒಂದು ಕವಾಯತು ಮಾಡಿಸುತ್ತಾಳೆ. ದಾರಿ ಕಟ್ಟಿಕೊಂಡರೆ ಯಾರೂ ಹೇಳಿಸಿಕೊಳ್ಳದೆ, ಮೊದಲೇ ಗೊತ್ತು ಮಾಡಿದ ಇನ್ನೊಂದು ತರಂಗಕ್ಕೆ ಹೋಗಿ ಕಾಯಬೇಕು. ಆ ತರಂಗಕ್ಕೆ ಇವರಿಟ್ಟ ಹೆಸರು ಹಿತ್ತಲ ಬಾಗಿಲು. ಎಲ್ಲರಿಗಿಂತ ಹೆಚ್ಚು ನಕ್ಕವನು ಮನು. "ಮುಂಬಾಗ್ಲಿಗೇ ಯಾರೂ ಬರಲ್ಲ ಕಣಕ್ಕ, ಇತ್ತಲ ಬಾಗ್ಲಿಗೊಂದು ನಾಯಿ ಬ್ಯಾರೆ ಕಟ್ಟಣ್ವಾ?"

ಈಗ ಅದೇ ಮನು ನೆನಪಿಸಿಕೊಳ್ಳಬೇಕು. ಅವಳ ಕೈಲಿರುವ ರೇಡಿಯೋ ಒಂದು ಹೊತ್ತಿಗೆ ಒಂದೇ ಬಾಗಿಲಲ್ಲಿ ನಿಲ್ಲಬಲ್ಲದು. ಅವಳು ಹಿತ್ತಲಿಗೆ ಹೋದಾಗ ಮುಂಬಾಗಿಲು ತೆರೆದುಕೊಂಡು ಮನು ಅಲ್ಲೇ ಕರೆದರೆ? ಶೋಭಿತಾ ಗುಬಟು ತಿರುಗಿಸಿಯೇ ಬಿಡುತ್ತಾಳೆ. ಕರೆಯುತ್ತಾಳೆ. ಬರೀ ಸುಯ್ಯೆನ್ನುವ ಸದ್ದು. ಮತ್ತೆ ಕರೆಯುತ್ತಾಳೆ.

ಮಿಕ್ಕ ದಿನಗಳಲ್ಲಿ ಇವಳದು ಹಳ್ಳಿಮೈಸೂರಿನ ಮೋಟರ್ ರಿಪೇರಿ ಅಂಗಡಿಯಲ್ಲಿ ಸುಟ್ಟ ಪಂಪ್‌ಸೆಟ್‌ಗಳಿಗೆ ತಂತಿ ಸುತ್ತುವ ಕೆಲಸ. ತಂದೆ ಬೈರಯ್ಯ ಪಂಚಾಯಿತಿಯ ನೀರುಗಂಟಿಯಾಗಿದ್ದವರು. ಹಾಸನದ ನಿವೃತ್ತ ಟೀಚರ್ ಅನಸೂಯಮ್ಮ ಕೂರಿಸಿಕೊಂಡು ಕಲಿಸಿದ್ದರಿಂದ ಹ್ಯಾಮ್ ಲೈಸೆನ್ಸ್ ಪರೀಕ್ಷೆ ದಾಟಿದಳು. "ಗಾಳೀಲಿ ಯಾರೂ ಯಾವ ಕೇರಿ ಅಂತ ಕೇಳಲ್ಲ ಸಾ. ಲೈಸೆನ್ಸಲ್ಲಿ ಕೊಟ್ಟ ಕರೆಗುರುತು ಯೋಳಿದ್ರೆ ಆಯ್ತು. ನೆಲಕ್ಕಿಳಿದ್ಮೇಲೆ ಅಲ್ವಾ ಎಲ್ಲಾ ಸುರುವಾಗಾದು" ಎಂದು, ಈಗ ಅಂಗಡಿಗೆ ಮಾತಾಡಿಸಲು ಹೋದವರಿಗೆ ಹೇಳುತ್ತಾಳೆ.

ಅಂದರೆ ಹೀಗೆ. ಊರಿನಲ್ಲಿ ಎಲ್ಲಕ್ಕಿಂತ ಎತ್ತರವಾದದ್ದು ಕೆಂಪಣ್ಣನ ಮೂರಂತಸ್ತಿನ ಮನೆ. ಆಂಟೆನಾದ ಗಳು ಕಟ್ಟಲು ಹಿಂದಿನ ದಿನ ಶೋಭಿತಾ ಮೊದಲು ಹೋದದ್ದು ಅಲ್ಲಿಗೇ. ಮೆಟ್ಟಿಲು ಮನೆಯೊಳಗಿಂದ, ದೇವರ ಕೋಣೆ ದಾಟಿ. "ಒಳಾಗ್ ಬ್ಯಾಡ ಕಣವ್ವ, ಆಚೆಯಿಂದ ಏಣಿ ಆಕುಸ್ತೀನಿ" ಎಂದರು ಯಜಮಾನರು. "ಏಣಿ ಅತ್ತಕೆ ನಾನೇನು ಕಳ್ಳಿನಾ?" ಎಂದು ಶೋಭಿತಾ ಗಳು ಹೊತ್ತು ವಾಪಸು ಬಂದಳು. ನೆರೆ ಬಾಗಿಲಿಗೆ ಬಂದಾಗಲೂ ಮೈಲಿಗೆಯ ಲೆಕ್ಕ ತಪ್ಪದ ನಾಡು ಇದು! ಆಡಳಿತಕ್ಕೂ ಈ ಹ್ಯಾಮ್‌ಗಳ ನೆನಪಾಗುವುದು ಟವರ್ ಸತ್ತ ಮೇಲೆ. ಟವರ್ ಎದ್ದು ಕೂತರೆ ಹೆಸರೂ ಮರೆತುಹೋಗುತ್ತದೆ. ರೇಡಿಯೋ ಇವರದೇ, ಬ್ಯಾಟರಿ ಇವರದೇ, ತಪ್ಪಿದ ಕೂಲಿಯೂ ಇವರದೇ.

ತಾರಸಿಯ ಮೇಲೆ ಈಗ ಕೆಂಪಣ್ಣನೇ ಬಂದು ನಿಂತಿದ್ದಾರೆ. ತಂತಿಯ ಸುದ್ದಿ ಊರಿಗೆ ಹಬ್ಬಿದೆ. ಪಂಚೆ ಮಂಡಿತನಕ ತೊಯ್ದಿದೆ.

"ನನ್ ಮಗ ಏನಂತವ್ನವ್ವಾ?"

"ಸುಮ್ಕಿರಿ. ಕೇಳಿಸ್ಕಬೇಕು."

ಊರಿನಲ್ಲಿ ಅವರನ್ನು ಯಾರೂ ಸುಮ್ಮನಿರಿಸಿದ್ದಿಲ್ಲ. ಪಂಚೆ ಎತ್ತಿಕಟ್ಟಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಸುಯ್ಯೆನ್ನುವ ಸದ್ದು ತಟ್ಟನೆ ತುಂಡಾಗುತ್ತದೆ.

"ಶೋಭಕ್ಕಾ, ಇತ್ತಲಲ್ಲಿದ್ದೀಯಾ? ಅಲ್ಯಾವನೋ ಉಪ್ಪಿಟ್ಟು ಉಪ್ಪಿಟ್ಟು ಅಂತ ಬಾಯ್ಬಡ್ಕಂತಾವ್ನೆ."

"ಮನು, ದೋಣಿ ತಿರುಗ್ಸು. ಮೂಡ್ಲಾಗೆ ತಂತಿ ನೀರಲ್ಲೈತೆ, ಕರೆಂಟೈತೆ. ಪಡುವ್ಲಿಂದ ಬಳಸ್ಕಂಡೋಗು. ನಾ ಏನಂದೆ, ತಿರುಗಾ ಯೋಳು."

ಕೇಳಿದ್ದನ್ನು ಒಂದಕ್ಷರ ಬಿಡದೆ ಮರಳಿ ಹೇಳಬೇಕೆಂಬುದು ಇವರ ಕಟ್ಟಳೆ. ಮನು ತಮಾಷೆ ಮಾಡುವುದಿಲ್ಲ.

"ಮೂಡ್ಲಾಗೆ ತಂತಿ ನೀರಲ್ಲೈತೆ, ಕರೆಂಟೈತೆ. ಪಡುವ್ಲಿಂದ ಬಳಸ್ಕಂಡೋಗ್ಬೇಕು." ಇಂಜಿನ್ನಿನ ಮೊರೆತ. ಆಮೇಲೆ ಸಣ್ಣ ದನಿಯಲ್ಲಿ, "ಅಕ್ಕಾ, ವಾಲಿದ್ ಕಂಬ ಕಾಣ್ತೈತೆ. ಇಲ್ಲೇ, ಮುಂದ್ಗಡೇನೇ."

ಕೆಂಪಣ್ಣ ತಾರಸಿಯ ಅಂಚಿಗೆ ಹೋಗಿ ಹೊಳೆಯತ್ತ ಕೈಮುಗಿಯುತ್ತಾರೆ. ಶೋಭಿತಾ ಅತ್ತ ತಿರುಗಿಯೂ ನೋಡುವುದಿಲ್ಲ. ಅವಳ ಲೆಕ್ಕಕ್ಕೆ ಕೇರಿಯವರು ಇನ್ನೂ ಮಾಡಿನ ಮೇಲಿದ್ದಾರೆ. ಬಹಳ ಹೊತ್ತಿನ ಮೇಲೆ ರೇಡಿಯೋದಲ್ಲಿ ಮುದುಕಿಯೊಬ್ಬಳ ಬೈಗುಳ ಕೇಳುತ್ತದೆ. ಕೇರಿಯ ಮಾರಮ್ಮ ಮನುವನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಾಳೆ: "ಈಗ ಬಂದ್ಯೇನ್ಲಾ? ಇನ್ನೊಂದ್ ಗಳಿಗೆ ತಡ ಮಾಡಿದ್ರೆ ನಾವೇ ಬಿಂದಿಗೇಲಿ ಮೊಗ್ದು ಒಳೆ ಖಾಲಿ ಮಾಡ್ಬುಡ್ತಿದ್ವಿ!" ಆಗ ಶೋಭಿತಾ ನಗುತ್ತಾಳೆ.

ಅಂದು ಎಲ್ಲರೂ ದಡ ಸೇರಿದರು. ರವೀಂದ್ರ ಈಗ ರೇಡಿಯೋವನ್ನು ಜೇಬಿಗೆ ಹಾಕುವುದಿಲ್ಲ. ಹಸುವಿನ ಗಂಟೆಯಂತೆ ಕೊರಳಿಗೆ ಕಟ್ಟಿಕೊಂಡು ಓಡಾಡುತ್ತಾನೆ. ನೀರು ಇಳಿದ ಮೇಲೆ ಕೇರಿಯವರು ಅದೇ ಕೆಸರಿಗೆ ಮರಳಿದ್ದಾರೆ, ಅವೇ ಗೋಡೆಗಳಿಗೆ ಮಣ್ಣು ಮೆತ್ತಿದ್ದಾರೆ. ಮುಂದಿನ ಮುಂಗಾರು ದೂರವಿಲ್ಲ.

ಒಳ್ಳೆಯದೊಂದು ರೇಡಿಯೋ ಕೊಡಿಸಿದರೆ ಅನುಕೂಲವಲ್ಲವೇ ಎಂದರೆ, ಮೋಟರಿನ ಹೊಟ್ಟೆಯೊಳಗೆ ಬೆರಳಿಟ್ಟುಕೊಂಡೇ ಶೋಭಿತಾ ತಲೆಯಾಡಿಸುತ್ತಾಳೆ.

"ರೇಡಿಯೋ ಯಾಕೆ ಸಾ? ದಿಬ್ಬದ ಮ್ಯಾಲೆ ಎಕ್ರೆಗಟ್ಲೆ ಬೀಳು ಬಿದ್ದೈತೆ. ಕೇರಿಯೋರ್ಗೆ ಅಲ್ಲಿ ಜಾಗ ಕೊಡ್ಸಿ. ಆಮ್ಯಾಕೆ ನನ್ನ ಯಾರೂ ಕರೀದೆ ಓದ್ರೂ ನಡೀತದೆ."