ಭರತದ ಹೊತ್ತಿನ ದಿಣ್ಣೆ

ಬೋಳಾರದ ಕಡೆಯ ಒಂದು ಶಾಲೆಯಲ್ಲಿ ನಾನು ಡ್ರಾಯಿಂಗ್ ಮಾಸ್ಟರ್ ಆಗಿದ್ದೆ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಹಡಗಿನ ಕೆಲಸದಲ್ಲಿದ್ದ ಅಣ್ಣ ರಜೆಯಲ್ಲಿ ಬಂದಾಗ ತನ್ನ ಹಳೆಯ ಕ್ಯಾಮೆರಾವನ್ನು ನನಗೆ ಬಿಟ್ಟುಹೋದ. ನೆಂಟರ ಮದುವೆಗಳಿಗೆ ಇನ್ನು ಪಟ ತೆಗೆಯುವವನು ಮನೆಯಲ್ಲೇ ಇದ್ದಾನೆ ಎಂದು ಅಮ್ಮ ಸಂಭ್ರಮಪಟ್ಟಳು. ನನಗೆ ಮಾತ್ರ ನೀರುಹಕ್ಕಿಗಳ ಹುಚ್ಚು ಹಿಡಿಯಿತು.

ಭಾನುವಾರ ಇಗರ್ಜಿಯಲ್ಲಿ ಮೊದಲ ಪೂಜೆ ಮುಗಿಸಿ ಕೂಳೂರಿಗೆ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಹೊಳೆಯ ಬದಿಗೆ ಉಪ್ಪುನೀರು ನುಗ್ಗಿ ಹಾಳುಬಿದ್ದ ಗದ್ದೆಗಳಿದ್ದವು. ನವೆಂಬರ್ ಮೊದಲಲ್ಲಿ ಸತ್ತವರ ಹಬ್ಬದ ಹೊತ್ತಿಗೆ ಎಲ್ಲಿಂದಲೋ ಬರುವ ಹಕ್ಕಿಗಳು ಈಸ್ಟರ್ ಕಳೆಯುವುದರೊಳಗೆ ಹೋಗಿಬಿಡುತ್ತಿದ್ದವು. ಎರಡು ವರ್ಷ ನಾನು ತೆಗೆದದ್ದೆಲ್ಲ ಬರೀ ಚುಕ್ಕೆಗಳು. ನಾನು ಗದ್ದೆಗೆ ಕಾಲಿಟ್ಟ ಕೂಡಲೇ ಇಡೀ ಹಿಂಡು ಎದ್ದು ಆಚೆ ದಡ ಸೇರುತ್ತಿತ್ತು. "ಇದರಲ್ಲಿ ಹಕ್ಕಿ ಯಾವುದು, ಧೂಳು ಯಾವುದು ಮಾರಾಯ್ರೇ?" ಎಂದು ಫಿಲ್ಮ್ ತೊಳೆದುಕೊಡುತ್ತಿದ್ದ ಸ್ಟುಡಿಯೋದವರು ನಗುತ್ತಿದ್ದರು.

ಅಲ್ಲಿ ಕೆಸರಿನಲ್ಲಿ ಮರುವಾಯಿ ಹೆಕ್ಕುವ ಒಬ್ಬ ಹೆಂಗಸಿದ್ದಳು. ಚಿಪ್ಪಿನ ಮೀನು ಅದು, ಬುಟ್ಟಿ ತುಂಬಿಸಿ ಪೇಟೆಗೆ ಹೊರುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಹಾಗಾಗಿ ಅಕ್ಕ ಎನ್ನುತ್ತಿದ್ದೆ. ಅವಳ ಪಕ್ಕದಲ್ಲೇ ಹಕ್ಕಿಗಳು ಹೆದರದೆ ಮೇಯುತ್ತಿದ್ದವು. ಒಂದು ದಿನ ಅವಳೇ ತುಳುವಿನಲ್ಲಿ ಮಾತಾಡಿಸಿದಳು.

"ಮಾಸ್ಟ್ರೇ, ನೀವು ಬಿಳಿ ಅಂಗಿ ಹಾಕಿ ಕಂಬದ ಹಾಗೆ ನಿಂತ್ರೆ ಅವು ನಿಲ್ತಾವಾ? ಬಗ್ಗಿ ಬನ್ನಿ. ಭರತದ ಹೊತ್ತಿಗೆ ಬನ್ನಿ."

ಮುಂದಿನ ಭಾನುವಾರ ಅಣ್ಣನ ಹಳೆಯ ಖಾಕಿ ಅಂಗಿ ಹಾಕಿಕೊಂಡು ಹೋದೆ. ಮೊಣಕಾಲು ಮುಳುಗುವ ಕೆಸರಿನಲ್ಲಿ ಅವಳು ಮುಂದೆ, ನಾನು ಹಿಂದೆ. ಕಾಂಡ್ಲಾ ಪೊದೆಗಳ ಮರೆಯಲ್ಲಿ ಒಂದು ಮಣ್ಣಿನ ದಿಣ್ಣೆ ಇತ್ತು. ಭರತದಲ್ಲಿ ಸಮುದ್ರದ ನೀರು ಏರಿ ಕೆಸರೆಲ್ಲ ಮುಳುಗಿದಾಗ ಹಕ್ಕಿಗಳಿಗೆ ನಿಲ್ಲಲು ಉಳಿಯುವುದು ಅದೊಂದೇ ಜಾಗ. ಕುಡುಗೋಲಿನಂತೆ ಬಾಗಿದ ಕೊಕ್ಕಿನ ದೊಡ್ಡ ಹಕ್ಕಿಗಳು, ಅವುಗಳ ಕಾಲ ಬಳಿ ಸಣ್ಣ ಗೊರವ ಹಕ್ಕಿಗಳು, ಮೈಗೆ ಮೈ ತಾಗಿಸಿ ಒಂಟಿಕಾಲಿನಲ್ಲಿ ನಿದ್ದೆ ಮಾಡುತ್ತಿದ್ದವು. ಅಕ್ಕ ಬುಟ್ಟಿಯನ್ನು ಕವುಚಿ ಇಟ್ಟು, ಕ್ಯಾಮೆರಾ ಅದರ ಮೇಲಿಡುವಂತೆ ಸನ್ನೆ ಮಾಡಿದಳು. ಹನ್ನೆರಡು ಪಟಗಳಲ್ಲಿ ಒಂದು ಬಹಳ ಚೆನ್ನಾಗಿ ಬಂತು.

ಸ್ಟುಡಿಯೋದವರು ಅದನ್ನು ದೊಡ್ಡದು ಮಾಡಿ ಮದುವೆ ಜೋಡಿಗಳ ನಡುವೆ ಗಾಜಿನೊಳಗೆ ಇಟ್ಟರು. ಒಂದು ಸಂಜೆ ನಾನು ಅಲ್ಲಿರುವಾಗ ಕಾರಿನಿಂದ ಇಳಿದ ಗಿರಾಕಿಯೊಬ್ಬರು ಅದರ ಮುಂದೆ ನಿಂತುಬಿಟ್ಟರು.

"ಫಸ್ಟ್ ಕ್ಲಾಸ್ ಪಟ! ಯಾರು ತೆಗೆದದ್ದು?"

"ನಾನು, ಶಾಲೆಯಲ್ಲಿ ಡ್ರಾಯಿಂಗ್ ಮಾಸ್ಟರ್."

"ಇಷ್ಟು ಹಕ್ಕಿ ಒಟ್ಟಿಗೆ ಎಲ್ಲಿ ಉಂಟು ಮಾಸ್ಟ್ರೇ?"

ನನ್ನನ್ನು ಅಷ್ಟು ಗೌರವದಿಂದ ಅದುವರೆಗೆ ಯಾರೂ ಏನನ್ನೂ ಕೇಳಿರಲಿಲ್ಲ. ಲಕೋಟೆಯ ಹಿಂಬದಿಯಲ್ಲಿ ಹೊಳೆ, ಗದ್ದೆ, ದಿಣ್ಣೆ ಎಲ್ಲವನ್ನೂ ಬರೆದುಕೊಟ್ಟೆ. ಭರತದ ಹೊತ್ತಿಗೇ ಹೋಗಬೇಕೆಂದೂ ಹೇಳಿದೆ. ಅವರ ಬಳಿ ಕೋವಿ ಇರಬಹುದೆಂಬ ಯೋಚನೆ ನನಗೆ ಬರಲೇ ಇಲ್ಲ.

ಮುಂದಿನ ಭಾನುವಾರ ಕೂಳೂರಿನಲ್ಲಿ ಬಸ್ಸು ಇಳಿಯುವಾಗಲೇ ಈಡಿನ ಸದ್ದು ಕೇಳಿತು. ರಸ್ತೆಬದಿಯಲ್ಲಿ ಎರಡು ಕಾರುಗಳಿದ್ದವು. ನಾನು ಪೊದೆಯವರೆಗೆ ಹೋಗಿ ನಿಂತೆ. ಒತ್ತಾಗಿ ನಿಂತ ಹಿಂಡಿಗೆ ಮೂವರು ಗುಂಡು ಹಾರಿಸುತ್ತಿದ್ದರು. ಎದ್ದ ಹಕ್ಕಿಗಳಿಗೆ ಇಳಿಯಲು ಬೇರೆ ಜಾಗವಿಲ್ಲ, ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿದ್ದವು. ಬಿದ್ದದ್ದನ್ನು ಹೆಕ್ಕಿ ತರಲು ಅಕ್ಕನನ್ನೇ ಎದೆಮಟ್ಟದ ನೀರಿಗೆ ಇಳಿಸಿದ್ದರು. ಗದ್ದೆಯ ಧನಿಗಳು ಅವರ ಸ್ನೇಹಿತರೆಂದು ಆಮೇಲೆ ತಿಳಿಯಿತು. ಆಗುವುದಿಲ್ಲ ಎಂದರೆ ಅವಳು ನಾಳೆಯಿಂದ ಮರುವಾಯಿಗೆ ಇಳಿಯುವ ಹಾಗಿಲ್ಲ. ಜೀವವಿದ್ದ ಒಂದು ಹಕ್ಕಿಯ ಕತ್ತನ್ನು ಅವಳು ನೀರಿನಲ್ಲೇ ತಿರುವಿದ್ದನ್ನು ನೋಡಿದೆ. ಸ್ಟುಡಿಯೋದಲ್ಲಿ ಮಾತಾಡಿಸಿದವರು ನನ್ನನ್ನು ಕಂಡು ಕೈ ಬೀಸಿದರು. ನಾನೂ ಕೈ ಎತ್ತಿದೆ.

ಕಾರುಗಳು ಹೋದ ಮೇಲೆ ಅಕ್ಕ ಒದ್ದೆ ಸೀರೆಯಲ್ಲಿ ಬಂದಳು.

"ಅವರಿಗೆ ಈ ಜಾಗ ನೀವು ಹೇಳಿದ್ದಾ ಮಾಸ್ಟ್ರೇ?"

"ಇಲ್ಲಪ್ಪ, ನಾನು ಯಾಕೆ ಹೇಳ್ಲಿ?" ಎಂದೆ.

ಅವಳು ಬುಟ್ಟಿ ಎತ್ತಿಕೊಂಡು ಹೋದಳು.

ಆ ವರ್ಷ ಈಸ್ಟರ್‌ವರೆಗೂ ಭಾನುವಾರಗಳಲ್ಲಿ ಅವರು ಬಂದರಂತೆ, ಅವಳು ನೀರಿಗಿಳಿದಳಂತೆ. ನಾನು ಹೋಗುವುದನ್ನು ಬಿಟ್ಟೆ. ಮರುವರ್ಷ ಸತ್ತವರ ಹಬ್ಬ ಕಳೆದು ಒಮ್ಮೆ ಹೋದಾಗ ದಿಣ್ಣೆಯ ಮೇಲೆ ನಾಲ್ಕು ಬೆಳ್ಳಕ್ಕಿಗಳಿದ್ದವು, ಅಷ್ಟೆ. ಅದರ ಮರುವರ್ಷ ಅವೂ ಇರಲಿಲ್ಲ. ಆಮೇಲೆ ಗದ್ದೆಗಳಿಗೆ ಕೆಂಪು ಮಣ್ಣು ತುಂಬಿದರು. ಗದ್ದೆಯ ಬದಿಗಿದ್ದ ಅಕ್ಕನ ಗುಡಿಸಲೂ ಹೋಯಿತು.

ಅವಳು ಪಡೀಲಿನಲ್ಲಿ ಮಗಳ ಮನೆಯಲ್ಲಿದ್ದಾಳೆಂದು ಯಾರೋ ಹೇಳಿದರು. ಹೋಗಬೇಕೆಂದುಕೊಂಡೇ ನಾಲ್ಕು ವರ್ಷ ಕಳೆದೆ. ಕೊನೆಗೊಂದು ದಿನ ಹೋದಾಗ ಅವಳು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಕುಳಿತುಕೊಳ್ಳಲು ಮಣೆ ಕೊಟ್ಟಳು. ನಾನು ಪೀಠಿಕೆಯಿಲ್ಲದೆ ಹೇಳಿದೆ: "ಅಕ್ಕ, ಆ ಜಾಗ ತೋರಿಸಿದ್ದು ನಾನೇ."

"ಗೊತ್ತುಂಟು. ಅವರು ನಿಮಗೆ ಕೈ ಬೀಸಿದಾಗಲೇ ಗೊತ್ತಾಗಿದೆ."

"ಮತ್ತೆ ನೀವು ಎಂತಕ್ಕೆ ಹೇಳ್ಲಿಲ್ಲ?"

"ಹೇಳಿ ಎಂತ ಮಾಡ್ಲಿಕ್ಕುಂಟು ಮಾಸ್ಟ್ರೇ," ಎಂದು ಎಲೆ ಕತ್ತರಿಸತೊಡಗಿದಳು. ಕೋಪವಿದ್ದರೆ ತಡೆದುಕೊಳ್ಳುತ್ತಿದ್ದೆ, ಅದೂ ಇರಲಿಲ್ಲ. ಸ್ವಲ್ಪ ಹೊತ್ತು ಕುಳಿತೆ. ಎದ್ದು ಹೊರಟಾಗ ಅವಳು ತಲೆ ಎತ್ತಿ, ಬಸ್ಸು ಆಚೆ ಬದಿಯಲ್ಲಿ ನಿಲ್ಲುತ್ತದೆ ಎಂದಳು.