ಟ್ಯೂಬಕ್ಕನ ಕೈ, ಅತ್ತೆಯ ಮೂಗು

ಟ್ಯೂಬಕ್ಕನಿಗೆ ವಾಸನೆ ಗೊತ್ತಾಗುವುದಿಲ್ಲ. ನಾಲ್ಕು ವರ್ಷದ ಹಿಂದೆ ಬಂದ ಜ್ವರ ಹೋಗುವಾಗ ಅದನ್ನೂ ಕೊಂಡೊಯ್ದಿದೆ. ಬೇರೆ ಕಸುಬಾಗಿದ್ದರೆ ಹೇಗೋ ನಡೆಯುತ್ತಿತ್ತು. ಹಳೆಯ ವಿಡಿಯೋ ಗೇಮ್ ಪೆಟ್ಟಿಗೆ ರಿಪೇರಿ ಮಾಡುವವರಿಗೆ ಮೂಗೇ ಮೊದಲ ಮೀಟರು. ಸುಡುತ್ತಿರುವುದು ಕಣ್ಣಿಗೆ ಕಾಣುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಹಾಗಾಗಿ ಎಲ್ಲಿ ಹೋದರೂ ಅತ್ತೆಯನ್ನು ಕರೆದೊಯ್ಯುತ್ತಾರೆ.

ಬೆಳಗಿನ ಜಾವ, ಬೀದಿದೀಪಗಳು ಇನ್ನೂ ಆರಿಲ್ಲ. ಕಟಿಂಗ್ ಶಾಪಿನ ಷಟರ್ ಅರ್ಧ ಎತ್ತಿ ಮೂವರು ಒಳಗೆ ನುಸುಳಿದ್ದಾರೆ: ಟ್ಯೂಬಕ್ಕ, ಅವರ ಅತ್ತೆ, ಅಂಗಡಿಯ ಯಜಮಾನರು. ಕನ್ನಡಿಗಳ ಸಾಲು ಮುಗಿಯುವ ಮೂಲೆಯಲ್ಲಿ ಆಳೆತ್ತರದ ಮರದ ಪೆಟ್ಟಿಗೆ. ಪರದೆಯ ತುಂಬ ನೀಲಿ ಗೋಡೆಗಳ ಸಿಕ್ಕುಸಿಕ್ಕಾದ ಓಣಿಗಳು. ಆಡುವವರಿಲ್ಲದಿದ್ದರೂ ಸಕ್ಕರೆ ಕಣ ಹೆಕ್ಕುತ್ತಾ ತಾನಾಗಿಯೇ ಓಡುವ ಒಂದು ಇರುವೆ, ಬೆನ್ನು ಬಿದ್ದಿರುವ ಮೂರು ಜೇಡ. ಜನ ಇದನ್ನು ಇರುವೆ ಆಟ ಎನ್ನುತ್ತಾರೆ. ಪರದೆಯ ಮೇಲ್ಗಡೆ ಆರು ಅಂಕಿಯಲ್ಲಿ ಈವರೆಗಿನ ಅತಿ ಹೆಚ್ಚಿನ ಅಂಕ, ಪಕ್ಕದಲ್ಲಿ ಅದನ್ನು ಹೊಡೆದವರ ಹೆಸರಿನ ಮೂರು ಅಕ್ಷರ. ಹೆಸರು ಯಜಮಾನರದು.

ಕರೆಂಟು ಇರುವವರೆಗೆ ಮಾತ್ರ ಆ ಅಂಕ. ಕಣ್ಣು ಮಿಟುಕಿಸುವಷ್ಟು ಹೊತ್ತು ತಪ್ಪಿದರೂ ಎಲ್ಲ ಸೊನ್ನೆ. ಅದಕ್ಕೇ ಯಜಮಾನರು ಬ್ಯಾಟರಿ ಕಟ್ಟಿಸಿ, ಹನ್ನೊಂದು ವರ್ಷದಿಂದ ಪೆಟ್ಟಿಗೆಯನ್ನು ಆರಿಸಿಲ್ಲ. ಈಗ ಅವರ ಕೈ ನಡುಗುತ್ತದೆ. ಕತ್ತರಿ ಮಗನ ಪಾಲಾಗಿದೆ. ಅಂಥ ಅಂಕ ಇನ್ನೊಮ್ಮೆ ಹೊಡೆಯುವ ಮಾತೇ ಇಲ್ಲ.

"ಒಂದು ಫೋಟೋ ತೆಗೆದಿಟ್ಕೋಬಾರ್ದಾ?" ಅತ್ತೆ ಕೇಳುತ್ತಾರೆ.

"ಇದೆ ತಾಯಿ. ಫೋಟೋನ ಸೋಲಿಸೋಕೆ ಯಾರು ಬರ್ತಾರೆ? ಇದನ್ನ ಸೋಲಿಸ್ತೀನಿ ಅಂತ ಕಾಲೇಜು ಹುಡುಗ್ರು ಬರ್ತಾರೆ. ಮುಖ ಜೋಲು ಹಾಕ್ಕೊಂಡು ಹೋಗ್ತಾರೆ. ಹೋಗೋ ಮುಂಚೆ ಕಟಿಂಗೂ ಮಾಡಿಸ್ಕೋತಾರೆ."

ಎರಡು ದಿನದಿಂದ ಚಿತ್ರ ನಡುಗುತ್ತಿದೆ. ಒಳಗೆ ಬೋರ್ಡಿಗೆ ಕರೆಂಟು ಕೊಡುವ ಪವರ್ ಸಪ್ಲೈ ಇನ್ನೇನು ಕೈಕೊಡುವ ಸ್ಥಿತಿಯಲ್ಲಿದೆ. ಅದಕ್ಕೆ ಮೊದಲು ಹೊಸದನ್ನು ಪಕ್ಕದಲ್ಲಿ ಜೋಡಿಸಿ, ಹಳೆಯದನ್ನು ಬಿಡಿಸಬೇಕು. ಆಟ ಓಡುತ್ತಿರುವಾಗಲೇ.

ಟ್ಯೂಬಕ್ಕ ಟಿವಿ ರಿಪೇರಿ ಅಂಗಡಿಗೆ ಸೇರಿದ್ದು ಫೋನ್ ಎತ್ತಲು. ಫೋನ್ ಕಮ್ಮಿ, ಬಿಡುವು ಜಾಸ್ತಿ. ನೋಡುತ್ತಾ ನೋಡುತ್ತಾ ಬೆಸುಗೆ ಹಾಕಲು ಕಲಿತರು. ತೆಳ್ಳನೆಯ ಟಿವಿ ಬಂದು ಅಂಗಡಿಗೆ ಬೀಗ ಬಿದ್ದಾಗ, ಗುಜರಿಗೆ ಹೊರಟಿದ್ದ ಪಿಕ್ಚರ್ ಟ್ಯೂಬುಗಳನ್ನೆಲ್ಲ ಮನೆಗೆ ಹೊತ್ತು ತಂದರು. "ಟಿಕೆಟ್ ಇಲ್ದೋರನ್ನ ಮನೆ ತುಂಬ ಹತ್ತಿಸ್ಕೊಂಡಿದ್ದಾಳೆ" ಎಂದು ಬಸ್ ಕಂಡಕ್ಟರ್ ಗಂಡ ಇಂದಿಗೂ ರೇಗಿಸುತ್ತಾರೆ. ಆ ಟ್ಯೂಬುಗಳನ್ನು ಹುಡುಕಿಕೊಂಡೇ ಹಳೆಯ ಗೇಮ್ ಪೆಟ್ಟಿಗೆಗಳ ಸಂಗ್ರಾಹಕರು ಬಂದರು. ಈಗ ಒಂದು ಪೆಟ್ಟಿಗೆ ಮುಗಿಸಲು ಎರಡು ವಾರ ಬೇಕು; ಮನೆಯ ಮುಂದಿನ ಕೋಣೆಯಲ್ಲಿ ಐದು ಸರದಿಯಲ್ಲಿ ನಿಂತಿವೆ.

ಸಂಗ್ರಾಹಕರ ಹುಚ್ಚು ವಿಚಿತ್ರ. ವರ್ಷಗಟ್ಟಲೆ ಒಂದೇ ಚಿತ್ರ ಉರಿದು ಗಾಜಿನ ಒಳಮೈಯಲ್ಲಿ ಓಣಿಗಳ ಕಲೆ ಕೂತಿರುತ್ತದೆ. ಆ ಟ್ಯೂಬನ್ನು ಬದಲಿಸಲು ಬಿಡುವುದಿಲ್ಲ. "ಟಿವಿಗೆ ಕಲೆ ಬಿದ್ರೆ ಗುಜರಿಗೆ ಹಾಕ್ತಾರೆ. ಇದಕ್ಕೆ ಕಲೆ ಇಲ್ದಿದ್ರೆ ಮುಖ ಸಿಂಡರಿಸ್ತಾರೆ" ಎಂದು ಟ್ಯೂಬಕ್ಕ ನಗುತ್ತಾರೆ. ಮೂರು ಪೆಟ್ಟಿಗೆ ಇಟ್ಟುಕೊಂಡಿರುವ ಹಲ್ಲಿನ ಡಾಕ್ಟರೊಬ್ಬರು ಹೇಳುವುದು ಬೇರೆ: "ಫೋನಲ್ಲೂ ಈ ಆಟ ಇದೆ. ಅದ್ರಲ್ಲಿ ಸತ್ರೆ ಏನೂ ಅನ್ಸಲ್ಲ. ಇಲ್ಲಿ ನಿಂತೇ ಆಡ್ಬೇಕು, ಬೆನ್ನ ಹಿಂದೆ ಇನ್ನೊಬ್ಬ ಕಾಯ್ತಾ ಇರ್ಬೇಕು. ಆಗ್ಲೇ ಅಂಗೈ ಬೆವರೋದು."

ವಾಸನೆ ಹೋದ ಹೊಸದರಲ್ಲಿ ಟ್ಯೂಬಕ್ಕ ಒಬ್ಬರೇ ಕೂತು ಆಟ ಓಡಿಸುವ ಒಂದು ಬೋರ್ಡು ಸುಟ್ಟಿದ್ದಾರೆ. "ಹೊಗೆ ಕಣ್ಣಿಗೆ ಹತ್ತಿದ ಮೇಲೇ ಗೊತ್ತಾಗಿದ್ದು. ಅಂಥಾ ಬೋರ್ಡು ಆಮೇಲೆ ಎಲ್ಲೂ ಸಿಗ್ಲಿಲ್ಲ." ಮಾರನೆಯ ದಿನ ಅತ್ತೆ ತಾವಾಗಿಯೇ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು. ಮೀನಿನ ವಾಸನೆ ಬಂದರೆ ಕೆಪಾಸಿಟರ್ ಸೋರುತ್ತಿದೆ, ರಬ್ಬರ್ ವಾಸನೆ ಬಂದರೆ ವೈರು ಎಂಬುದನ್ನೆಲ್ಲ ಕೂತಲ್ಲೇ ಕಲಿತರು. ಕೆಲಸದ ದಿನ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಸೊಸೆಗೆ ಇರುವುದು ಒಂದೇ ನಿಯಮ: ಅತ್ತೆ ಸುಡುತ್ತಿದೆ ಎಂದರೆ, ಮರುಮಾತಿಲ್ಲದೆ ಕರೆಂಟು ಕೀಳುವುದು.

ಟ್ಯೂಬಕ್ಕ ಪೆಟ್ಟಿಗೆಯ ಹಿಂಬಾಗಿಲು ತೆಗೆಯುತ್ತಾರೆ. ಟ್ಯೂಬಿನ ಬೆನ್ನಲ್ಲಿ ಸಾವಿರಾರು ವೋಲ್ಟ್. ಎರಡು ಕೈಯೂ ತಗುಲಿದರೆ ಕರೆಂಟು ಎದೆಯ ಮೂಲಕವೇ ಹರಿಯುತ್ತದೆ. ಎಡಗೈಯನ್ನು ಸೊಂಟದ ಹಿಂದೆ ಇಟ್ಟು ಬಲಗೈ ಒಂದನ್ನೇ ಒಳಗೆ ಚಾಚುತ್ತಾರೆ.

"ಅಣ್ಣಾ, ಯಾವ ಸ್ವಿಚ್ಚೂ ಮುಟ್ಬೇಡಿ."

"ಕೈ ಕಟ್ಕೊಂಡು ನಿಂತಿದ್ದೀನಮ್ಮ."

ಹೊಸ ಸಪ್ಲೈ ಕೂರುತ್ತದೆ. ಚಿತ್ರದ ನಡುಕ ನಿಲ್ಲುತ್ತದೆ.

"ಅತ್ತೆ, ವಾಸನೆ?"

"ಇಲ್ಲ. ಬರೀ ಪೌಡರು."

ಹಳೆಯದರ ಮೊದಲ ವೈರು ಬಿಡುತ್ತದೆ. ಇರುವೆ ಓಡುತ್ತಿದೆ. ಯಜಮಾನರು ಅಂಕವನ್ನೇ ನೋಡುತ್ತಿದ್ದಾರೆ. ಎರಡನೆಯ ವೈರೂ ಬಿಡುತ್ತದೆ. ಉಳಿದಿರುವುದು ಒಂದು.

"ವಾಸನೆ?"

ಅತ್ತೆ ಮೂಗು ಮೇಲೆತ್ತಿದ್ದಾರೆ.

"ಅತ್ತೆ!"

"ಏನೋ ಸುಡ್ತಿದೆ."

"ತಾಯಿ, ಒಂದ್ನಿಮಿಷ ತಡೀರಿ..." ಯಜಮಾನರ ಮಾತು ಮುಗಿಯುವ ಮೊದಲೇ ಟ್ಯೂಬಕ್ಕ ಬೋರ್ಡಿನ ಕನೆಕ್ಟರ್ ಕಿತ್ತಿದ್ದಾರೆ. ಓಣಿ, ಜೇಡ, ಇರುವೆ, ಅಂಕ ಎಲ್ಲ ಒಟ್ಟಿಗೇ ಹೋಗುತ್ತವೆ.

ಟಾರ್ಚು ಹಿಡಿದು ಹುಡುಕುತ್ತಾರೆ. ಬೋರ್ಡು ತಣ್ಣಗಿದೆ. ವೈರುಗಳು ಸರಿಯಾಗಿವೆ. ಅತ್ತೆ ಮಾತ್ರ ಮೂಗು ಎಳೆದತ್ತ ನಡೆದು, ಕೊನೆಯ ಕುರ್ಚಿ ದಾಟಿ, ಟವೆಲು ಬಿಸಿಮಾಡುವ ಪೆಟ್ಟಿಗೆಯ ಮುಚ್ಚಳ ಎತ್ತುತ್ತಾರೆ. ಒಳಗೆ ಹನಿ ನೀರಿಲ್ಲ. ಟವೆಲು ಕಂದಿ ಹೊಗೆಯಾಡುತ್ತಿದೆ.

ಯಜಮಾನರು ಕುರ್ಚಿಯ ಮೇಲೆ ಕೂರುತ್ತಾರೆ. "ಬಂದ ತಕ್ಷಣ ಕೈ ಅದರ ಸ್ವಿಚ್ಚಿಗೇ ಹೋಗೋದು. ಇವತ್ತು ಹಾಕಿದ್ದೇ ನೆನಪಿಲ್ಲ. ನಾನೇ ಹಾಳು ಮಾಡ್ಕೊಂಡ್ನಾ?"

"ನನ್ನ ಮೂಗಿಗೆ ಬೆಂಕಿ ಬೀಳ" ಎನ್ನುತ್ತಾರೆ ಅತ್ತೆ.

"ಕಿತ್ತಿದ್ದು ನಾನು" ಟ್ಯೂಬಕ್ಕನ ದನಿ ಏರುವುದಿಲ್ಲ. "ಅತ್ತೆ ಸುಡ್ತಿದೆ ಅಂದ್ರೆ ನಾಳೆನೂ ಕೀಳ್ತೀನಿ. ಅವರ ಮಾತು ನಿಜಾನೋ ಸುಳ್ಳೋ ಅಂತ ನೋಡ್ತಾ ಕೂರೋದಾದ್ರೆ, ಅವರನ್ನ ಕರ್ಕೊಂಡ್ಬಂದು ಏನು ಪ್ರಯೋಜನ? ಬೈಯೋದಿದ್ರೆ ನನ್ನ ಬೈಯಿರಿ ಅಣ್ಣಾ."

ಯಜಮಾನರು ಬೈಯುವುದಿಲ್ಲ. ಎದ್ದು ಹೋಗಿ ಟವೆಲು ಪೆಟ್ಟಿಗೆಯ ಸ್ವಿಚ್ಚು ಆರಿಸುತ್ತಾರೆ. ಕೊನೆಯ ವೈರು ಬಿಡಿಸಿ, ಹೊಸದನ್ನು ಬಿಗಿಮಾಡಿ, ಟ್ಯೂಬಕ್ಕ ಮತ್ತೆ ಕರೆಂಟು ಕೊಡುವಾಗ ಹೊರಗೆ ಬೆಳಕಾಗಿದೆ. ಚಿತ್ರ ಅಲುಗದೆ ನಿಲ್ಲುತ್ತದೆ. ಬೋರ್ಡು ಉಳಿದಿದೆ, ಟ್ಯೂಬು ಉಳಿದಿದೆ. ಹೋದದ್ದು ಆರು ಅಂಕಿ, ಮೂರು ಅಕ್ಷರ, ಒಂದು ಟವೆಲು.